ಐಚ್ಛಿಕ ವಿಷಯಗಳ ಆಯ್ಕೆ: ಅಂಕದ ಆಸೆ, ಹಿರಿಯರ ಒತ್ತಡ

ನಮ್ಮ ಪಟ್ಟಣಗಳ ಮುಸ್ಲಿಮ್ ಮನೆಗಳಲ್ಲಿ ಮಕ್ಕಳ ವ್ಯಾಸಂಗದ ಕುರಿತಾದ ಮಾತುಕತೆಯ ಧಾಟಿ ಇತ್ತೀಚಿನ ವರ್ಷಗಳಲ್ಲಿ ಬದಲಾಗಿದೆ. ಇಂಜಿನಿಯರಿಂಗ್, ಫಾರ್ಮಸಿ, ನರ್ಸಿಂಗ್ ಎಂಬ ಮೂರು ಬಾಗಿಲುಗಳಾಚೆಗೆ ನಾಲ್ಕನೆಯದೊಂದಿದೆ ಎಂಬುದನ್ನೇ ಒಪ್ಪದಿದ್ದ ಕುಟುಂಬಗಳು ಇಂದು ಮಗನನ್ನೋ ಮಗಳನ್ನೋ ಕಾನೂನು ಕಾಲೇಜಿಗೆ ಸೇರಿಸಲು ಮುಂದಾಗುತ್ತಿವೆ. ಇದು ಸ್ವಾಗತಾರ್ಹ. ಆದರೆ ಪ್ರವೇಶದ ದಿನ ತೋರುವ ಉತ್ಸಾಹ ಹೆಚ್ಚಿನ ಮನೆಗಳಲ್ಲಿ ಅಲ್ಲಿಗೇ ಮುಗಿದು ಹೋಗುತ್ತದೆ. ಯಾವ ಕಾಲೇಜು, ಎಷ್ಟು ಶುಲ್ಕ, ಹಾಸ್ಟೆಲಿನ ಊಟ ಹೇಗೆ, ಐದು ವರ್ಷದ ಕೋರ್ಸೋ ಮೂರು ವರ್ಷದ್ದೋ ಎಂದು ಹತ್ತಾರು ಮಂದಿಯನ್ನು ವಿಚಾರಿಸುವ ತಂದೆ ತಾಯಿ, ಅದೇ ಮಕ್ಕಳು ಮೇಲಿನ ತರಗತಿಗೆ ಬಂದು ಐಚ್ಛಿಕ ವಿಷಯಗಳ ಅರ್ಜಿಗೆ ಸಹಿ ಹಾಕುವಾಗ ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ. ಆ ವಿದ್ಯಾರ್ಥಿ ಮುಂದೆ ಯಾವ ನ್ಯಾಯಾಲಯದ ಯಾವ ಕೊಠಡಿಯಲ್ಲಿ ನಿಲ್ಲಲಿದ್ದಾನೆ ಎಂಬುದು ಬಹುಮಟ್ಟಿಗೆ ನಿರ್ಧಾರವಾಗತೊಡಗುವುದು ಆ ಅರ್ಜಿಯಲ್ಲೇ ಎಂಬುದು ಅವರಿಗೆ ತಿಳಿದಿರುವುದಿಲ್ಲ.

ತಿಳಿಯದವರಿಗಾಗಿ ತುಸು ವಿವರಿಸುವುದು ಅಗತ್ಯ. ಭಾರತೀಯ ವಕೀಲರ ಪರಿಷತ್ತು 2008ರಲ್ಲಿ ರೂಪಿಸಿದ ಕಾನೂನು ಶಿಕ್ಷಣ ನಿಯಮಗಳು ದೇಶದ ಎಲ್ಲ ಕಾನೂನು ಕಾಲೇಜುಗಳ ಪಠ್ಯಕ್ರಮಕ್ಕೆ ಚೌಕಟ್ಟನ್ನು ಹಾಕಿಕೊಟ್ಟಿವೆ. ಅದರಂತೆ ಕರಾರು, ಸಂವಿಧಾನ, ಅಪರಾಧ, ಆಸ್ತಿ, ಕುಟುಂಬ, ಸಾಕ್ಷ್ಯ, ತೆರಿಗೆ, ಕಾರ್ಮಿಕ ಕಾನೂನು ಮೊದಲಾದ 20 ಪತ್ರಿಕೆಗಳು ಕಡ್ಡಾಯ. ದಸ್ತಾವೇಜು ಬರೆಯುವುದು, ವೃತ್ತಿ ನೀತಿ, ಪರ್ಯಾಯ ವಿವಾದ ಪರಿಹಾರ, ಅಣಕು ನ್ಯಾಯಾಲಯ ಎಂಬ 4 ಪ್ರಾಯೋಗಿಕ ಪತ್ರಿಕೆಗಳೂ ಕಡ್ಡಾಯ. ಇವುಗಳ ಮೇಲೆ ಕನಿಷ್ಠ 6 ಐಚ್ಛಿಕ ಪತ್ರಿಕೆಗಳಿರಬೇಕು. ಸಂವಿಧಾನ, ವ್ಯಾಪಾರ, ಅಂತಾರಾಷ್ಟ್ರೀಯ ವ್ಯಾಪಾರ, ಅಪರಾಧ ಶಾಸ್ತ್ರ, ಅಂತಾರಾಷ್ಟ್ರೀಯ ಕಾನೂನು, ಕೃಷಿ, ಬೌದ್ಧಿಕ ಆಸ್ತಿ ಎಂದು ಐಚ್ಛಿಕಗಳನ್ನು ಏಳು ಗುಂಪುಗಳಾಗಿ ವಿಂಗಡಿಸಲಾಗಿದೆ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಂತಹ ಸಂಸ್ಥೆಗಳಲ್ಲಿ ಆಯ್ಕೆಯ ಹರವು ದೊಡ್ಡದು. ನಮ್ಮ ಮಕ್ಕಳಲ್ಲಿ ಬಹುಪಾಲು ಓದುವುದು ಹುಬ್ಬಳ್ಳಿಯಲ್ಲಿ ಕೇಂದ್ರ ಹೊಂದಿರುವ, 2009ರಲ್ಲಿ ಸ್ಥಾಪನೆಯಾದ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳಲ್ಲಿ. ಅಲ್ಲಿ ಆಯ್ಕೆ ಕಿರಿದು. ಮಾನವ ಹಕ್ಕುಗಳೋ ವಿಮೆಯೋ, ಬ್ಯಾಂಕಿಂಗೋ ಮಾಹಿತಿ ಹಕ್ಕೋ ಎಂಬ ಮಟ್ಟದ್ದು. ಕಿರಿದಾದರೂ ಅದು ಆಯ್ಕೆಯೇ.

ಈ ಆಯ್ಕೆಯನ್ನು ವಿದ್ಯಾರ್ಥಿಗಳು ಹೇಗೆ ಮಾಡುತ್ತಾರೆ? ಯಾವ ಪತ್ರಿಕೆಗೆ ತೆಳುವಾದ ಗೈಡು ಸಿಗುತ್ತದೆ, ಯಾವುದರಲ್ಲಿ ಪ್ರಶ್ನೆಗಳು ವರ್ಷದಿಂದ ವರ್ಷಕ್ಕೆ ಮರಳಿ ಬರುತ್ತವೆ, ಹಿಂದಿನ ತಂಡದವರಿಗೆ ಯಾವುದರಲ್ಲಿ ಅಂಕ ಧಾರಾಳವಾಗಿ ಬಿದ್ದಿದೆ ಎಂಬುದನ್ನು ನೋಡಿ. ಇನ್ನು ಕೆಲವರು ಗೆಳೆಯರು ಯಾವುದನ್ನು ತೆಗೆದುಕೊಂಡರೋ ಅದನ್ನೇ ತೆಗೆದುಕೊಳ್ಳುತ್ತಾರೆ. ಕೆಲವು ಕಾಲೇಜುಗಳಲ್ಲಂತೂ ಬೋಧಕರಿಲ್ಲವೆಂಬ ಕಾರಣಕ್ಕೆ ಆಡಳಿತವೇ ಒಂದು ವಿಷಯವನ್ನು ನಿಗದಿ ಮಾಡಿ, ವಿದ್ಯಾರ್ಥಿಯಿಂದ ಸಹಿ ಮಾತ್ರ ಪಡೆಯುತ್ತದೆ. ಐಚ್ಛಿಕವೆಂಬ ಪದಕ್ಕೆ ಇದಕ್ಕಿಂತ ದೊಡ್ಡ ಅಣಕವಿಲ್ಲ. ಅಂಕದ ಲೆಕ್ಕಾಚಾರವನ್ನು ನಾವು ಪೂರ್ತಿ ತಳ್ಳಿ ಹಾಕುವುದಿಲ್ಲ. ಸ್ನಾತಕೋತ್ತರ ಪ್ರವೇಶಕ್ಕೆ, ಕೆಲವು ಹುದ್ದೆಗಳಿಗೆ ಶೇಕಡಾವಾರು ಬೇಕಾಗುತ್ತದೆ. ಆದರೆ ನೋಟಿಸು ಹಿಡಿದು ಬಂದ ಕಕ್ಷಿದಾರ, ನಿಮಗೆ ಆ ಪತ್ರಿಕೆಯಲ್ಲಿ ಎಷ್ಟು ಅಂಕ ಬಂದಿತ್ತೆಂದು ಯಾವ ಕಾಲಕ್ಕೂ ಕೇಳುವುದಿಲ್ಲ.

ಅಂಕದ ಆಸೆಗಿಂತಲೂ ನಮ್ಮನ್ನು ಹೆಚ್ಚು ಚಿಂತೆಗೆ ಹಚ್ಚಿರುವುದು ಇನ್ನೊಂದು ಒತ್ತಡ. ಅದು ಸದುದ್ದೇಶದಿಂದಲೇ ಹುಟ್ಟಿದ್ದು. ಕಾನೂನು ಓದುತ್ತಿರುವ ಹುಡುಗನೊಬ್ಬ ಊರಿಗೆ ಬಂದರೆ ಸಾಕು, ಮಸೀದಿಯ ಅಂಗಳದಲ್ಲಿ, ಮದುವೆ ಮಂಟಪದಲ್ಲಿ, ಹಿರಿಯರು ಹೆಗಲ ಮೇಲೆ ಕೈಯಿಟ್ಟು ಹೇಳುವುದು ಒಂದೇ ಮಾತು: "ಸಮುದಾಯಕ್ಕೆ ವಕೀಲರು ಬೇಕು ಮಗಾ." ಆ ಮಾತಿನ ಅರ್ಥ ಏನೆಂದರೆ ಮಾನವ ಹಕ್ಕು ಓದು, ಅಲ್ಪಸಂಖ್ಯಾತರ ಹಕ್ಕು ಓದು, ವೈಯಕ್ತಿಕ ಕಾನೂನು ಓದು, ವಕ್ಫ್ ಓದು. ಬ್ಯಾಂಕಿಂಗ್ ಕಾನೂನನ್ನೋ ಕೃಷಿ ಭೂಮಿಯ ಕಾನೂನನ್ನೋ ಆರಿಸಿಕೊಂಡವನು ಹೊಟ್ಟೆಪಾಡು ನೋಡಿಕೊಂಡವನೆಂಬ ಭಾವನೆ ಅವರಲ್ಲಿದೆ. ನಮ್ಮ ಅಭಿಪ್ರಾಯ ಇದಕ್ಕೆ ನೇರ ವಿರುದ್ಧ. ಸಮುದಾಯದ ಹೆಸರು ಹೊತ್ತ ವಿಷಯಗಳಿಗಿಂತ, ಅದರ ಹೆಸರೇ ಇಲ್ಲದ ವಿಷಯಗಳಲ್ಲಿ ಪಳಗಿದ ವಕೀಲರ ಕೊರತೆಯೇ ನಮ್ಮ ಪಟ್ಟಣಗಳ ಜನರನ್ನು ಹೆಚ್ಚು ನಷ್ಟಕ್ಕೆ ಗುರಿ ಮಾಡುತ್ತಿದೆ.

ವಕ್ಫನ್ನೇ ತೆಗೆದುಕೊಳ್ಳೋಣ. ಇದಕ್ಕಿಂತ ಹೆಚ್ಚು 'ಸಮುದಾಯದ್ದು' ಎನ್ನಬಹುದಾದ ವಿಷಯ ಇನ್ನೊಂದಿಲ್ಲ. 2024ರ ಅಕ್ಟೋಬರಿನಲ್ಲಿ ವಿಜಯಪುರ ಜಿಲ್ಲೆಯ ಹೊನವಾಡ ಗ್ರಾಮದ ರೈತರ ಜಮೀನಿನ ಬಗ್ಗೆ ಎದ್ದ ವಿವಾದ ರಾಜ್ಯವನ್ನೇ ಆವರಿಸಿತು. ಗೆಜೆಟಿನಲ್ಲಿ ಊರ ಹೆಸರು ತಪ್ಪಾಗಿ ಸೇರಿದ್ದರಿಂದ ಗೊಂದಲ ಹುಟ್ಟಿತೆಂದು ಸರಕಾರ ವಿವರಣೆ ನೀಡಿತು. ರೈತರಿಗೆ ಹೋದ ನೋಟಿಸುಗಳನ್ನು ಹಿಂಪಡೆಯಲು ಸೂಚಿಸಿತು. ವೇದಿಕೆಗಳಲ್ಲಿ ಎರಡೂ ಕಡೆಯವರು ಭಾವನೆಯ ಮಾತುಗಳನ್ನಾಡಿದರು. ಆದರೆ ಒಂದು ಜಮೀನು ವಕ್ಫ್ ಹೌದೋ ಅಲ್ಲವೋ ಎಂಬುದು ತೀರ್ಮಾನವಾಗುವುದು ಪಹಣಿಯಲ್ಲಿ, ಖಾತೆ ಬದಲಾವಣೆಯ ದಾಖಲೆಯಲ್ಲಿ, ಸರ್ವೇ ವರದಿಯಲ್ಲಿ, ದಶಕಗಳ ಹಿಂದಿನ ಗೆಜೆಟಿನ ಒಂದು ಸಾಲಿನಲ್ಲಿ. 1955ರ ಮೈಸೂರು ಧಾರ್ಮಿಕ ಮತ್ತು ಧರ್ಮಾರ್ಥ ಇನಾಂ ರದ್ದತಿ ಕಾಯಿದೆ ಏನು ಹೇಳುತ್ತದೆ, 1961ರ ಭೂ ಸುಧಾರಣಾ ಕಾಯಿದೆಗೆ 1974ರಲ್ಲಿ ಬಂದ ತಿದ್ದುಪಡಿಯ ನಂತರ ಗೇಣಿದಾರನಿಗೆ ಭೂ ನ್ಯಾಯಮಂಡಳಿ ಕೊಟ್ಟ ಹಕ್ಕಿನ ಬಲವೆಷ್ಟು, 1964ರ ಭೂ ಕಂದಾಯ ಕಾಯಿದೆಯಡಿ ತಹಶೀಲ್ದಾರರ ಅಧಿಕಾರದ ಎಲ್ಲೆ ಯಾವುದು ಎಂಬುದನ್ನು ಬಲ್ಲವನು ಮಾತ್ರ ಇಂತಹ ದಾವೆಯಲ್ಲಿ ಬಾಯಿ ತೆರೆಯಬಲ್ಲ. ವಕ್ಫ್ ಕಾಯಿದೆಯ ಕಲಮುಗಳನ್ನು ಬಾಯಿಪಾಠ ಮಾಡಿದವನಿಗೆ ಅದು ಸಾಧ್ಯವಿಲ್ಲ.

ವಕೀಲರ ಪರಿಷತ್ತಿನ ಪಟ್ಟಿಯಲ್ಲಿ ಕೃಷಿ ಮತ್ತು ಕಾನೂನು ಎಂಬ ಗುಂಪಿದೆ. ಅದರಲ್ಲಿ ಭೂಮಿತಿ ಮತ್ತು ಸ್ಥಳೀಯ ಭೂ ಕಾನೂನುಗಳ ಪತ್ರಿಕೆಯಿದೆ. ಅದನ್ನು ಆರಿಸಿಕೊಳ್ಳುವ ಮುಸ್ಲಿಮ್ ವಿದ್ಯಾರ್ಥಿ ನಮಗೆ ಅಪರೂಪಕ್ಕೂ ಕಂಡಿಲ್ಲ. ನಾವು ರೈತರಲ್ಲವಲ್ಲ ಎಂಬುದು ಸಾಮಾನ್ಯ ಉತ್ತರ. ನಮ್ಮ ಮಸೀದಿ, ದರ್ಗಾ, ಖಬರಸ್ತಾನಗಳ ಬಹುಪಾಲು ಮೊಕದ್ದಮೆಗಳು ಭೂಮಿಯ ಮೊಕದ್ದಮೆಗಳೆಂಬುದನ್ನು ಅವರಿಗೆ ಯಾರೂ ಹೇಳಿರುವುದಿಲ್ಲ. ಅದಲ್ಲದೆ ಆ ಪತ್ರಿಕೆ ಓದಿದವನು ಮುತವಲ್ಲಿಯ ಪರವಾಗಿ ವಾದಿಸಬಲ್ಲಂತೆಯೇ ಅನ್ಯಾಯಕ್ಕೊಳಗಾದ ರೈತನ ಪರವಾಗಿಯೂ ವಾದಿಸಬಲ್ಲನು. ಹಾಗೆ ವಾದಿಸಬೇಕಾದ ಸಂದರ್ಭ ಬಂದರೆ ಹಿಂಜರಿಯಲೂ ಬಾರದು.

2025ರ ವಕ್ಫ್ ತಿದ್ದುಪಡಿಯ ವಿಚಾರದಲ್ಲೂ ಇದೇ ಮಾತು. ಆ ಕಾಯಿದೆಯ ಕೆಲವು ಅಂಶಗಳಿಗೆ ಸುಪ್ರೀಮ್ ಕೋರ್ಟು 2025ರ ಸೆಪ್ಟೆಂಬರ್ 15ರಂದು ಮಧ್ಯಂತರ ತಡೆ ನೀಡಿತು. ಕಾಯಿದೆಯನ್ನಿಡೀ ತಡೆಯಲು ಒಪ್ಪಲಿಲ್ಲ. ನಮ್ಮ ಸಭೆಗಳಲ್ಲಿ ಚರ್ಚೆ ನಡೆದದ್ದು ಮಂಡಳಿಯಲ್ಲಿ ಯಾರಿರಬೇಕು ಎಂಬುದರ ಸುತ್ತ. ಆದರೆ ಅದೇ ತಿದ್ದುಪಡಿ 1995ರ ಕಾಯಿದೆಯ 107ನೇ ಕಲಮನ್ನು ಕಿತ್ತು ಹಾಕಿತು. ವಕ್ಫ್ ಸ್ಥಿರಾಸ್ತಿಯನ್ನು ಮರಳಿ ಪಡೆಯಲು ಹೂಡುವ ದಾವೆಗೆ ಕಾಲಮಿತಿ ಇಲ್ಲವೆಂದು ಹೇಳಿದ್ದು ಆ ಕಲಮು. ಅದು ಹೋದ ಮೇಲೆ ಕಾಲಮಿತಿ ಕಾನೂನು ಇತರರಿಗೆ ಹೇಗೋ ಮುತವಲ್ಲಿಗೂ ಹಾಗೆಯೇ. ಅಂದರೆ ಇನ್ನು ಮುಂದೆ ಆಸ್ತಿ ಉಳಿಯುವುದು ದಿನಾಂಕ ಲೆಕ್ಕ ಹಾಕಬಲ್ಲ ವಕೀಲನಿಂದ.

ಈಗ ಪಟ್ಟಣದ ವ್ಯಾಪಾರಿಯ ಕಡೆ ಬರೋಣ. ಈ ಪುಟಗಳನ್ನು ಓದುವ ಕುಟುಂಬಗಳಲ್ಲಿ ಅಂಗಡಿ, ಗುಜರಿ, ಟಿಂಬರ್, ಬಟ್ಟೆ, ಹಣ್ಣು ತರಕಾರಿ, ಸಾರಿಗೆ ಹೀಗೆ ಒಂದಿಲ್ಲೊಂದು ವ್ಯವಹಾರವನ್ನು ನೆಚ್ಚಿಕೊಂಡವರೇ ಅಧಿಕ. ಇವರಿಗೆ ನ್ಯಾಯಾಲಯದ ಮೆಟ್ಟಿಲು ಮೊದಲ ಬಾರಿಗೆ ಎದುರಾಗುವುದು ಸಾಮಾನ್ಯವಾಗಿ ಒಂದು ಚೆಕ್ಕಿನಿಂದ. ಕೊಟ್ಟ ಚೆಕ್ಕು ಹಣವಿಲ್ಲದೆ ಮರಳಿದರೆ, ಬ್ಯಾಂಕಿನಿಂದ ಮಾಹಿತಿ ಬಂದ 30 ದಿನಗಳೊಳಗೆ ನೋಟಿಸು ಕೊಡಬೇಕು. ನೋಟಿಸು ತಲುಪಿದ ಮೇಲೆ ಹಣ ಪಾವತಿಗೆ 15 ದಿನಗಳ ಅವಕಾಶ. ಅದು ಮುಗಿದ ಒಂದು ತಿಂಗಳೊಳಗೆ ದೂರು ದಾಖಲಾಗಬೇಕು. ಈ ಮೂರು ಗಡುವುಗಳಲ್ಲಿ ಒಂದು ತಪ್ಪಿದರೂ ತನ್ನದೇ ಹಣಕ್ಕಾಗಿ ಆತ ವರ್ಷಗಟ್ಟಲೆ ಅಲೆಯಬೇಕಾಗುತ್ತದೆ.

ಅದಕ್ಕಿಂತ ದೊಡ್ಡ ಆಪತ್ತು ಸಾಲದ್ದು. ಮನೆಯನ್ನೋ ಅಂಗಡಿಯನ್ನೋ ಅಡವಿಟ್ಟು ಪಡೆದ ಸಾಲದ ಕಂತು ತಪ್ಪಿದಾಗ ಬ್ಯಾಂಕು 2002ರ ಸರ್ಫೇಸಿ ಕಾಯಿದೆಯಡಿ 60 ದಿನಗಳ ನೋಟಿಸು ಕಳಿಸುತ್ತದೆ. ಅದಕ್ಕೆ ಆಕ್ಷೇಪ ಸಲ್ಲಿಸಬಹುದು. ಬ್ಯಾಂಕು 15 ದಿನಗಳೊಳಗೆ ಉತ್ತರಿಸಬೇಕು. ಸ್ವಾಧೀನಕ್ಕೆ ಮುಂದಾದರೆ 45 ದಿನಗಳೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಅರ್ಜಿ ಹಾಕಬೇಕು. ಆ ನ್ಯಾಯಮಂಡಳಿ ಇರುವುದು ಬೆಂಗಳೂರಿನಲ್ಲಿ. ನಮ್ಮವರು ಮಾಡುವುದೇನು? ಮೊದಲು ನೋಟಿಸನ್ನು ಕಪಾಟಿನಲ್ಲಿ ಇಡುತ್ತಾರೆ. ನಂತರ ಪರಿಚಯದ ವಕೀಲರ ಬಳಿಗೆ ಹೋಗಿ ಊರಿನ ಸಿವಿಲ್ ನ್ಯಾಯಾಲಯದಲ್ಲಿ ತಡೆಯಾಜ್ಞೆ ಕೋರುತ್ತಾರೆ. ಇಂತಹ ವಿಷಯಗಳನ್ನು ಸಿವಿಲ್ ನ್ಯಾಯಾಲಯ ವಿಚಾರಿಸುವಂತಿಲ್ಲವೆಂದು ಅದೇ ಕಾಯಿದೆಯ 34ನೇ ಕಲಮು ಹೇಳುತ್ತದೆ. ದಾವೆ ತಿರಸ್ಕೃತವಾಗುವಷ್ಟರಲ್ಲಿ 45 ದಿನಗಳು ಕಳೆದಿರುತ್ತವೆ. ಹರಾಜಿನ ಪ್ರಕಟಣೆ ಪತ್ರಿಕೆಯಲ್ಲಿ ಬಂದಿರುತ್ತದೆ. ತಂದೆ ಕಟ್ಟಿಸಿದ ಮನೆ ಹೋಯಿತೆಂದು ಅತ್ತು ಫಲವೇನು? ಐಚ್ಛಿಕಗಳಲ್ಲಿ ಬ್ಯಾಂಕಿಂಗ್ ಕಾನೂನನ್ನು ಶ್ರದ್ಧೆಯಿಂದ ಓದಿದ ಒಬ್ಬ ಯುವ ವಕೀಲ, ಒಬ್ಬಳು ಯುವ ವಕೀಲೆ, ಪ್ರತಿ ತಾಲೂಕಿನಲ್ಲಿದ್ದರೆ ಉಳಿಯಬಹುದಾದ ಮನೆಗಳೆಷ್ಟು ಎಂದು ಯೋಚಿಸಬೇಕು. ಬಡ್ಡಿಯ ವ್ಯವಹಾರದ ಕಾನೂನನ್ನು ನಮ್ಮ ಮಕ್ಕಳು ಓದುವುದೇ ಎಂದು ಹುಬ್ಬೇರಿಸುವವರೂ ಇದ್ದಾರೆ. ರೋಗವನ್ನು ಓದದೆ ವೈದ್ಯನಾಗಲು ಸಾಧ್ಯವೇ ಎಂದು ಅವರನ್ನು ಕೇಳಬೇಕಾಗುತ್ತದೆ.

ವಿಮೆ ಕಾನೂನಿನ ಪಾಡೂ ಇದೇ. ಮಾನವ ಹಕ್ಕು ಮತ್ತು ವಿಮೆ ಎರಡರಲ್ಲಿ ಒಂದನ್ನು ಆರಿಸು ಎಂದಾಗ ವಿಮೆಯನ್ನು ಆರಿಸಿದ ಹುಡುಗಿಗೆ ಆದರ್ಶವಿಲ್ಲವೆಂದು ಯಾರಾದರೂ ಹೇಳಿಯಾರು. ರಸ್ತೆ ಅಪಘಾತದಲ್ಲಿ ದುಡಿಯುವ ಮಗನನ್ನು ಕಳೆದುಕೊಂಡ ಮನೆಗೆ ಬೇಕಾಗಿರುವುದು ಅವಳೇ. 2019ರ ಮೋಟಾರು ವಾಹನ ತಿದ್ದುಪಡಿಯ ಮೂಲಕ, 2022ರ ಏಪ್ರಿಲ್ 1ರಿಂದ, ಪರಿಹಾರದ ಅರ್ಜಿಗೆ ಅಪಘಾತದ ದಿನದಿಂದ ಆರು ತಿಂಗಳ ಗಡುವು ಬಂತು. ಆ ಗಡುವನ್ನು ಸುಪ್ರೀಮ್ ಕೋರ್ಟಿನಲ್ಲಿ ಪ್ರಶ್ನಿಸಲಾಗಿದೆಯೆಂಬುದು ನಿಜ. ಆದರೆ ಪ್ರಶ್ನೆ ಇತ್ಯರ್ಥವಾಗುವವರೆಗೆ ಕಾಯುತ್ತಾ ಕೂರುವುದು ವಿಧವೆಯೊಬ್ಬಳ ಪಾಲಿಗೆ ದುಬಾರಿಯಾದೀತು.

ಹಾಗಾದರೆ ಸಂವಿಧಾನ, ಮಾನವ ಹಕ್ಕುಗಳ ವಕೀಲರು ಬೇಡವೇ? ಖಂಡಿತ ಬೇಕು. ಆದರೆ ಆ ಹೋರಾಟಗಳೂ ಎಲ್ಲಿ ಗೆಲ್ಲುತ್ತವೆ, ಎಲ್ಲಿ ಸೋಲುತ್ತವೆ ಎಂಬುದನ್ನು ಗಮನಿಸಬೇಕು. ಉಡುಪಿಯಿಂದ ಆರಂಭವಾದ ಹಿಜಾಬ್ ಪ್ರಕರಣವನ್ನು ನೆನಪಿಸಿಕೊಳ್ಳಿ. 2022ರ ಮಾರ್ಚ್ 15ರಂದು ರಾಜ್ಯ ಹೈಕೋರ್ಟಿನ ಪೂರ್ಣ ಪೀಠ ಅರ್ಜಿಗಳನ್ನು ವಜಾ ಮಾಡಿತು. ಶಿರವಸ್ತ್ರ ಧರ್ಮದ ಅತ್ಯಗತ್ಯ ಆಚರಣೆಯೇ ಎಂಬ ಪ್ರಶ್ನೆಯೇ ಅಲ್ಲಿ ಮುಂಚೂಣಿಗೆ ಬಂದಿತ್ತು. ಆದರೆ ಎಲ್ಲದರ ಮೂಲದಲ್ಲಿದ್ದುದು 1983ರ ಕರ್ನಾಟಕ ಶಿಕ್ಷಣ ಕಾಯಿದೆಯ 133ನೇ ಕಲಮಿನಡಿ 2022ರ ಫೆಬ್ರವರಿ 5ರಂದು ಹೊರಟ ಒಂದು ಸರಕಾರಿ ಆದೇಶ. ಅಂತಹ ಆದೇಶ ಹೊರಡಿಸುವ ಅಧಿಕಾರ ಎಷ್ಟರ ಮಟ್ಟಿಗಿದೆ ಎಂಬುದು ಆಡಳಿತ ಕಾನೂನಿನ ಪ್ರಶ್ನೆ, ಶಿಕ್ಷಣ ಕಾನೂನಿನ ಪ್ರಶ್ನೆ. 2022ರ ಅಕ್ಟೋಬರ್ 13ರಂದು ಸುಪ್ರೀಮ್ ಕೋರ್ಟಿನಲ್ಲಿ ಭಿನ್ನ ತೀರ್ಪು ಬಂದಾಗ ವಿದ್ಯಾರ್ಥಿನಿಯರ ಪರವಾಗಿ ಬರೆದ ನ್ಯಾಯಮೂರ್ತಿ ಸುಧಾಂಶು ಧುಲಿಯಾ ಅವರು, ಅತ್ಯಗತ್ಯ ಆಚರಣೆಯ ಚರ್ಚೆಯೇ ಇಲ್ಲಿ ಬೇಕಿರಲಿಲ್ಲವೆಂಬ ನಿಲುವು ತಳೆದರು. ಹೆಣ್ಣು ಮಗಳ ಆಯ್ಕೆ ಮತ್ತು ಅವಳ ಶಿಕ್ಷಣವನ್ನು ಮುಂದಿಟ್ಟರು. ಶಿಕ್ಷಣ ಕಾನೂನು ಎಂಬ ಪತ್ರಿಕೆಯೊಂದು ಐಚ್ಛಿಕಗಳ ಪಟ್ಟಿಯಲ್ಲಿದೆ ಎಂಬುದು ಆ ದಿನಗಳಲ್ಲಿ ಬೀದಿಗಿಳಿದ ನಮ್ಮವರಲ್ಲಿ ಎಷ್ಟು ಮಂದಿಗೆ ತಿಳಿದಿತ್ತು? ನಮ್ಮದೇ ವಿದ್ಯಾಸಂಸ್ಥೆಗಳ ಮಾನ್ಯತೆ, ಶುಲ್ಕ, ನೇಮಕಾತಿಗಳ ತಕರಾರುಗಳಿಗೂ ಅದೇ ಪತ್ರಿಕೆ ಬೇಕು. ಅಲ್ಪಸಂಖ್ಯಾತ ಸಂಸ್ಥೆಗಳ ಹಕ್ಕಿನ ಬಗ್ಗೆ 11 ನ್ಯಾಯಾಧೀಶರ ಪೀಠ 2002ರಲ್ಲಿ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ನೀಡಿದ ತೀರ್ಪು ನಮ್ಮ ಮಣಿಪಾಲದ ಸಂಸ್ಥೆಯೊಂದರಿಂದಲೇ ಹುಟ್ಟಿದ್ದು.

ಅಪರಾಧ ಕಾನೂನಿನ ಗುಂಪಿನ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಕಡ್ಡಾಯ ಪತ್ರಿಕೆಯಲ್ಲಿ ಇದನ್ನು ಓದಿಯೇ ಆಗಿದೆ, ಮತ್ತೇಕೆ ಎಂಬ ಪ್ರಶ್ನೆ ಸಹಜ. ಆದರೆ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ, ನಾಗರಿಕ ಸುರಕ್ಷಾ ಸಂಹಿತೆ, ಸಾಕ್ಷ್ಯ ಅಧಿನಿಯಮಗಳು ಜಾರಿಗೆ ಬಂದ ಮೇಲೆ ಹಳೆಯ ವಕೀಲರೂ ಹೊಸದಾಗಿ ಕಲಿಯುತ್ತಿದ್ದಾರೆ. ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಭೇಟಿ ನೀಡಬೇಕೆಂದು ಹೊಸ ಸಂಹಿತೆಯ 176ನೇ ಕಲಮು ಹೇಳುತ್ತದೆ. ರಾಜ್ಯಗಳಿಗೆ ಇದನ್ನು ಜಾರಿಗೊಳಿಸಲು ಐದು ವರ್ಷಗಳವರೆಗೆ ಅವಕಾಶವಿದೆ. ಶೋಧ ಮತ್ತು ಜಪ್ತಿಯ ವೀಡಿಯೋ ಚಿತ್ರೀಕರಣ ಆಗಬೇಕು. ಮೊಬೈಲ್ ಸಂದೇಶ, ಸಿಸಿ ಕ್ಯಾಮೆರಾದ ದೃಶ್ಯಗಳು ಸಾಕ್ಷ್ಯವಾಗಬೇಕಾದರೆ ನಿಗದಿತ ನಮೂನೆಯ ಪ್ರಮಾಣಪತ್ರ ಬೇಕು. ವಾಟ್ಸಾಪಿನಲ್ಲಿ ಬಂದದ್ದನ್ನು ಮುಂದೆ ಕಳಿಸಿ ಠಾಣೆಯ ಕಟ್ಟೆ ಹತ್ತಿದ ಹುಡುಗರ ಪರವಾಗಿ ವಾದಿಸುವವನಿಗೆ ಆವೇಶದ ಭಾಷಣ ತಿಳಿದಿರಬೇಕಾಗಿಲ್ಲ. ಆ ಪ್ರಮಾಣಪತ್ರದಲ್ಲಿ ಏನಿರಬೇಕು, ಏನಿಲ್ಲ ಎಂಬುದು ತಿಳಿದಿರಬೇಕು. ವಿಧಿವಿಜ್ಞಾನ, ಮಾಹಿತಿ ತಂತ್ರಜ್ಞಾನದ ಅಪರಾಧಗಳು, ಪೆರೋಲು ಮತ್ತು ಬಂದೀಖಾನೆ ಆಡಳಿತ ಇವೆಲ್ಲ ಈ ಗುಂಪಿನಲ್ಲೇ ಬರುವ ವಿಷಯಗಳು. ಯುಎಪಿಎಯಂತಹ ಕಾಯಿದೆಗಳಲ್ಲಿ ಜಾಮೀನು ಎಷ್ಟು ದುರ್ಲಭವೆಂಬುದು ನಮ್ಮ ಓದುಗರಿಗೆ ಹೊಸದಲ್ಲ. ವಿಚಾರಣೆ ಅತಿಯಾಗಿ ವಿಳಂಬವಾದಾಗ ಸಂವಿಧಾನಬದ್ಧ ನ್ಯಾಯಾಲಯಗಳು ಜಾಮೀನು ನೀಡಬಹುದೆಂದು 2021ರಲ್ಲಿ ಕೆ.ಎ. ನಜೀಬ್ ಪ್ರಕರಣದಲ್ಲಿ ಸುಪ್ರೀಮ್ ಕೋರ್ಟು ಹೇಳಿತು. ಅಂತಹ ಒಂದು ಕಿಂಡಿಯನ್ನು ಕಂಡುಕೊಳ್ಳಬೇಕಾದರೆ ವರ್ಷಗಳ ಅಧ್ಯಯನ ಬೇಕು.

ಕಾರ್ಪೊರೇಟ್ ವಿಷಯಗಳ ಬಗ್ಗೆ ನಮಗೆ ತಕರಾರಿಲ್ಲ. ಸಾಲ ಮಾಡಿ ದುಬಾರಿ ಸಂಸ್ಥೆಯಲ್ಲಿ ಓದಿದವರು ವಿಲೀನ, ಸ್ಪರ್ಧಾ ಕಾನೂನುಗಳನ್ನು ಆರಿಸಿಕೊಂಡು ಮಹಾನಗರಕ್ಕೆ ಹೋದರೆ ಅವರನ್ನು ದೂರುವ ಹಕ್ಕು ಯಾರಿಗೂ ಇಲ್ಲ. ಬೌದ್ಧಿಕ ಆಸ್ತಿಯೆಂದರೆ ವಿದೇಶಿ ಕಂಪೆನಿಗಳ ಗೋಜು ಎಂದು ತಿಳಿದವರಿಗಾಗಿ ಒಂದು ಮಾತು: ಟ್ರೇಡ್‌ಮಾರ್ಕಿನ ಮೌಲ್ಯಕ್ಕೆ ತೆರಿಗೆಯ ಲೆಕ್ಕದಲ್ಲಿ ಸವಕಳಿ ಸಿಗಬೇಕೇ ಎಂಬ ಮಹತ್ವದ ಪ್ರಶ್ನೆಯನ್ನು ಸುಪ್ರೀಮ್ ಕೋರ್ಟು 2015ರಲ್ಲಿ ತೀರ್ಮಾನಿಸಿದ್ದು ಮೈಸೂರಿನ ಒಂದು ಬೀಡಿ ಸಂಸ್ಥೆಯ ಮೊಕದ್ದಮೆಯಲ್ಲಿ. ಬೀಡಿಯ ಲೇಬಲ್ ಕೂಡ ಆಸ್ತಿಯೇ. ಅತ್ತರು, ಬೇಕರಿ, ಬಿರಿಯಾನಿ ಹೋಟೆಲುಗಳ ಹೆಸರಿಗಾಗಿ ಅಣ್ಣ ತಮ್ಮಂದಿರು ಕಿತ್ತಾಡುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೆಣ್ಣು ಮಕ್ಕಳ ವಿಷಯದಲ್ಲಿ ಇನ್ನೊಂದು ಬಗೆಯ ಬೇಲಿಯಿದೆ. ಮಗಳನ್ನು ಕಾನೂನು ಓದಿಸಲು ಒಪ್ಪಿದ ತಂದೆಯೇ, ಅಪರಾಧ ಕಾನೂನು ಬೇಡ, ಠಾಣೆ ಜೈಲಿನ ಸಹವಾಸ ಬೇಡ, ಯಾವುದಾದರೂ ಕಚೇರಿಯ ಸಲಹೆಗಾರ್ತಿಯ ಕೆಲಸಕ್ಕೆ ಹೊಂದುವ ವಿಷಯ ತೆಗೆದುಕೋ ಎನ್ನುತ್ತಾರೆ. ಆ ಕಾಳಜಿ ನಮಗೆ ಅರ್ಥವಾಗುತ್ತದೆ. ಆದರೆ ಪೋಕ್ಸೋ ಪ್ರಕರಣದ ಹೆಣ್ಣು ಮಗು, ಹೊಡೆತ ತಿಂದು ತವರಿಗೆ ಬಂದ ಹೆಣ್ಣು ತನ್ನ ಮಾತನ್ನು ಯಾರ ಮುಂದೆ ಬಿಚ್ಚಿಡಬೇಕು? ಮಹಿಳೆ ಮತ್ತು ಅಪರಾಧ ಕಾನೂನು ಎಂಬ ಐಚ್ಛಿಕವನ್ನು ಆರಿಸಿಕೊಳ್ಳುವ ನಮ್ಮ ಹೆಣ್ಣು ಮಕ್ಕಳ ಸಂಖ್ಯೆ ಹೆಚ್ಚಬೇಕು. ಜೀವನಾಂಶದ ಕಾನೂನು ಕೂಡ ನಿಂತ ನೀರಲ್ಲ. 2001ರ ದಾನಿಯಲ್ ಲತೀಫಿ ತೀರ್ಪಿನಿಂದ 2024ರ ಜುಲೈ 10ರ ಅಬ್ದುಲ್ ಸಮದ್ ತೀರ್ಪಿನವರೆಗೆ ಅದು ಸಾಗಿದ ಹಾದಿಯನ್ನು ನಮ್ಮ ಜಮಾಅತ್ ಸಮಿತಿಗಳು ಬಲ್ಲವೇ ಎಂದರೆ ಉತ್ತರ ನಿರಾಶಾದಾಯಕ. ಗಂಡ ಹೆಂಡಿರ ವ್ಯಾಜ್ಯವನ್ನು ಸಮಿತಿಯ ಕೋಣೆಯಲ್ಲಿ ಕೂತು ಬಗೆಹರಿಸುವ ನಮ್ಮ ಪದ್ಧತಿ ಒಳ್ಳೆಯದೇ. ಅಂತಹ ತೀರ್ಮಾನಗಳಿಗೆ ಕಾನೂನಿನ ಬಲವಿಲ್ಲ, ಯಾರ ಮೇಲೂ ಹೇರುವಂತಿಲ್ಲ ಎಂದು 2014ರಲ್ಲಿ ವಿಶ್ವ ಲೋಚನ್ ಮದನ್ ಪ್ರಕರಣದಲ್ಲಿ ಸುಪ್ರೀಮ್ ಕೋರ್ಟು ಸ್ಪಷ್ಟಪಡಿಸಿತು. ರಾಜಿಯನ್ನು ಕಾನೂನಿನ ಚೌಕಟ್ಟಿನೊಳಗೆ ತರುವ ದಾರಿಯನ್ನು 2023ರ ಮಧ್ಯಸ್ಥಿಕೆ ಕಾಯಿದೆ ತೋರಿಸಿತು. ಪರ್ಯಾಯ ವಿವಾದ ಪರಿಹಾರದ ಪತ್ರಿಕೆಯನ್ನು ಪರೀಕ್ಷೆಗಾಗಿ ಮಾತ್ರ ಓದಿ ಮರೆಯದ ಒಬ್ಬಳು ವಕೀಲೆಗೆ ಆ ಸಮಿತಿಯ ಕೋಣೆಯಲ್ಲಿ ಕುರ್ಚಿ ಸಿಗುವಂತಾಗಬೇಕು. ಬಾಗಿಲ ಹೊರಗಿನ ಬೆಂಚು ಸಾಲದು.

ಮದ್ರಸದ ಓದಿನ ಹಿನ್ನೆಲೆಯಿಂದ ಬಂದ ನಮಗೆ ಇಲ್ಲಿ ಒಂದು ಹೋಲಿಕೆ ಹೊಳೆಯುತ್ತದೆ. ದರ್ಸೆ ನಿಜಾಮಿಯಲ್ಲಿ ಐಚ್ಛಿಕವೆಂಬುದಿಲ್ಲ. ಗ್ರಂಥದಿಂದ ಗ್ರಂಥಕ್ಕೆ ಎಲ್ಲರೂ ಒಂದೇ ದಾರಿಯಲ್ಲಿ ನಡೆಯಬೇಕು. ವಿಶೇಷಾಧ್ಯಯನ, ಅಂದರೆ ತಖಸ್ಸುಸ್, ಬರುವುದು ಎಲ್ಲ ಮುಗಿದ ಮೇಲೆ. ಆದರೆ ವಿದ್ಯಾರ್ಥಿಗೆ ಇನ್ನೊಂದು ಆಯ್ಕೆಯಿತ್ತು: ಇಂತಹ ಗ್ರಂಥವನ್ನು ಇಂತಹ ಉಸ್ತಾದರ ಬಳಿಯೇ ಓದಬೇಕೆಂದು ಊರು ಬಿಟ್ಟು ಊರಿಗೆ ಹೋಗುತ್ತಿದ್ದರು. ಗ್ರಂಥದ ಪಕ್ಕದಲ್ಲಿ ಗುರುವಿನ ಹೆಸರೂ ಸನದಿನಲ್ಲಿರುತ್ತಿತ್ತು. ಕಾನೂನು ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು. ಪಟ್ಟಿಯಲ್ಲಿರುವ ವಿಷಯದ ಹೆಸರು ಎಷ್ಟೇ ಆಕರ್ಷಕವಾಗಿರಲಿ, ಅದನ್ನು ಕಲಿಸುವವರು ಆ ಕ್ಷೇತ್ರದಲ್ಲಿ ಕೆಲಸ ಮಾಡಿದವರೇ, ತರಗತಿಯಲ್ಲಿ ತೀರ್ಪುಗಳನ್ನು ಓದಿಸುವವರೇ, ಟಿಪ್ಪಣಿ ಬರೆಸಿ ಹೊರಡುವವರೇ ಎಂದು ವಿಚಾರಿಸಬೇಕು. ಪುಸ್ತಕ ಓದಿ ತಾನೇ ಕಲಿಯಬಹುದಾದ ವಿಷಯಕ್ಕಿಂತ ಗುರುವಿಲ್ಲದೆ ದಕ್ಕದ ವಿಷಯವನ್ನು ಆರಿಸುವುದು ಜಾಣತನ. ಅಂದ ಹಾಗೆ, ಸಿರಾಜಿ ಓದಿ ವಾರಸಿನ ಪಾಲುಗಳನ್ನು ಬೆರಳಿನಲ್ಲಿ ಲೆಕ್ಕ ಹಾಕಬಲ್ಲ ಮದ್ರಸದ ಹುಡುಗರು ಈಗ ಪದವಿ ಪಡೆದು ಕಾನೂನು ಕಾಲೇಜಿಗೆ ಬರುತ್ತಿದ್ದಾರೆ. ಅವರು ಅದನ್ನೇ ಮತ್ತೊಮ್ಮೆ ಓದುವ ಬದಲು ನೋಂದಣಿ, ತೆರಿಗೆ, ಭೂ ದಾಖಲೆಗಳ ಕಡೆ ಹೊರಳಿದರೆ ಪಾಲುಪಟ್ಟಿಯ ದಾವೆಗಳಲ್ಲಿ ಅವರಿಗೆ ಸಮಾನರಿರಲಾರರು.

ನ್ಯಾಯಾಧೀಶರ ಹುದ್ದೆಯ ಕನಸಿರುವವರಿಗೆ 2025ರ ಮೇ 20ರ ಸುಪ್ರೀಮ್ ಕೋರ್ಟಿನ ತೀರ್ಪು ಲೆಕ್ಕವನ್ನು ಬದಲಿಸಿತು. ಕಾಲೇಜಿನಿಂದ ನೇರವಾಗಿ ಸಿವಿಲ್ ನ್ಯಾಯಾಧೀಶರ ಪರೀಕ್ಷೆಗೆ ಕೂರುವ ಅವಕಾಶ ಹೋಗಿ, ಮೂರು ವರ್ಷಗಳ ವಕೀಲಿ ವೃತ್ತಿಯ ಷರತ್ತು ಮರಳಿ ಬಂತು. ಆದ್ದರಿಂದ ಪರೀಕ್ಷೆಯ ಪಠ್ಯವನ್ನೇ ನೋಡಿ ಐಚ್ಛಿಕಗಳನ್ನು ಆರಿಸುವುದರಲ್ಲಿ ಹಿಂದಿನಷ್ಟು ಅರ್ಥವಿಲ್ಲ. ಆ ಮೂರು ವರ್ಷ ಯಾರ ಕಚೇರಿಯಲ್ಲಿ, ಯಾವ ಬಗೆಯ ಕೆಲಸದಲ್ಲಿ ಕಳೆಯಬೇಕು ಎಂಬುದೂ ಈಗ ಲೆಕ್ಕಕ್ಕೆ ಬರುತ್ತದೆ. ಸುಪ್ರೀಮ್ ಕೋರ್ಟಿನ ಮೊದಲ ಮಹಿಳಾ ನ್ಯಾಯಮೂರ್ತಿ ಫಾತಿಮಾ ಬೀವಿಯವರು 1950ರಲ್ಲಿ ವಕೀಲರಾಗಿ ನೋಂದಾಯಿಸಿಕೊಂಡು, ಕೇರಳದ ಕೆಳ ನ್ಯಾಯಾಲಯಗಳಲ್ಲಿ ಪಳಗಿ, 1958ರಲ್ಲಿ ಮುನ್ಸೀಫರಾಗಿ ನೇಮಕಗೊಂಡವರು. 1989ರಲ್ಲಿ ದಿಲ್ಲಿಯ ಆ ಪೀಠವನ್ನೇರುವ ಮುನ್ನ ಅವರು ಕೆಳಗಿನ ಯಾವ ಮೆಟ್ಟಿಲನ್ನೂ ಹಾರಿ ಬಂದಿರಲಿಲ್ಲ.

ಧಾರವಾಡ ಮತ್ತು ಕಲಬುರಗಿಗಳಲ್ಲಿ 2008ರಲ್ಲಿ ಸಂಚಾರಿಯಾಗಿ ಆರಂಭವಾದ ಹೈಕೋರ್ಟಿನ ಪೀಠಗಳು 2013ರಲ್ಲಿ ಕಾಯಂ ಆದವು. ಬೀದರಿನ, ಬಾಗಲಕೋಟೆಯ ಯುವಕನಿಗೆ ರಿಟ್ ಅರ್ಜಿಗಾಗಿ ಬೆಂಗಳೂರಿನಲ್ಲಿ ಬಾಡಿಗೆ ಮನೆ ಹಿಡಿಯುವ ಅನಿವಾರ್ಯತೆ ಅಂದಿನಿಂದ ತಗ್ಗಿದೆ. ಪಂಚಾಯತ್ ಆಡಳಿತ, ಸ್ಥಳೀಯ ಸಂಸ್ಥೆಗಳ ಕಾನೂನನ್ನು ಐಚ್ಛಿಕವಾಗಿ ಓದಿದವನಿಗೆ ಊರಿನಲ್ಲೇ ಇದ್ದು ಹೈಕೋರ್ಟಿನವರೆಗೆ ಕೆಲಸ ಮಾಡುವ ಅವಕಾಶ ತೆರೆದಿದೆ.

ಇಷ್ಟೆಲ್ಲ ಹೇಳಿದ ಮೇಲೂ ಹತ್ತೊಂಬತ್ತು ಇಪ್ಪತ್ತು ವರ್ಷದವರಿಗೆ ತಮಗೆ ಯಾವುದು ಒಗ್ಗುತ್ತದೆಂದು ಪಟ್ಟಿ ನೋಡಿ ಹೇಳುವುದು ಕಷ್ಟ. ಅದಕ್ಕೊಂದು ದಾರಿಯನ್ನು ವಕೀಲರ ಪರಿಷತ್ತಿನ ನಿಯಮಗಳೇ ಇಟ್ಟಿವೆ. ಮೂರು ವರ್ಷದ ಕೋರ್ಸಿನವರು ಒಟ್ಟು 12 ವಾರ, ಐದು ವರ್ಷದವರು 20 ವಾರ ತರಬೇತಿ ಪಡೆಯಲೇಬೇಕು. ವಿಚಾರಣಾ ನ್ಯಾಯಾಲಯದ ವಕೀಲರು, ಸ್ವಯಂಸೇವಾ ಸಂಸ್ಥೆಗಳು, ಸ್ಥಳೀಯಾಡಳಿತ, ಕಂಪೆನಿಗಳು ಹೀಗೆ ಎಲ್ಲಿ ಬೇಕಾದರೂ ಅದನ್ನು ಮಾಡಬಹುದು. ಇದನ್ನು ಹೆಚ್ಚಿನವರು ಪರಿಚಯದವರಿಂದ ಪ್ರಮಾಣಪತ್ರ ಬರೆಸಿಕೊಂಡು ಮುಗಿಸುತ್ತಾರೆ. ಅದರ ಬದಲು ಐಚ್ಛಿಕದ ಅರ್ಜಿ ಬರುವ ಹಿಂದಿನ ರಜೆಯಲ್ಲಿ, ನಾಲ್ಕು ವಾರ ಒಬ್ಬ ಭೂ ದಾವೆಗಳ ವಕೀಲರ ಹಿಂದೆ ತಹಶೀಲ್ದಾರ್ ಕಚೇರಿಗೆ, ಉಪನೋಂದಣಿ ಕಚೇರಿಗೆ, ತಾಲೂಕು ನ್ಯಾಯಾಲಯಕ್ಕೆ ಮಕ್ಕಳು ಅಲೆದು ಬರಲಿ. ಇನ್ನೊಂದು ರಜೆಯಲ್ಲಿ ಅಪಘಾತ ಪರಿಹಾರದ ನ್ಯಾಯಮಂಡಳಿಯಲ್ಲೋ ಕುಟುಂಬ ನ್ಯಾಯಾಲಯದಲ್ಲೋ ಕೂತು ನೋಡಲಿ. ಆ ದಿನಗಳಲ್ಲಿ ಸಂಜೆ ಮನೆಗೆ ಬಂದಾಗ ತಂದೆ ತಾಯಿ ಕೇಳಬೇಕಾದದ್ದು ಇಷ್ಟೇ: ಇಂದು ಯಾರ ಮೊಕದ್ದಮೆ ನಡೆಯಿತು, ಅದರಲ್ಲಿ ನಿನಗೆ ಅರ್ಥವಾಗದೆ ಉಳಿದದ್ದು ಯಾವುದು? ಅರ್ಥವಾಗದೆ ಉಳಿದ ಆ ವಿಷಯದ ಹೆಸರು ಕಾಲೇಜಿನ ಪಟ್ಟಿಯಲ್ಲಿದೆಯೇ ಎಂದು ಮರುದಿನ ಹುಡುಕಿ ನೋಡಲಿ.